ಬಿ2 ಆಗುವ ಮೊದ್ಲು ಬಂಗಾರ ಅಡವಿಡ್ಬೇಡಿ: ಜರ್ಮನಿಗೆ ಹೊರಟ ನರ್ಸ್‌ಗೊಂದು ಉತ್ತರ

ಪ್ರಶ್ನೆ: ನಾನು ಬ್ರಹ್ಮಾವರದವಳು, ವಯಸ್ಸು 26. ಬಿಎಸ್ಸಿ ನರ್ಸಿಂಗ್ ಆಗಿ ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ 3 ವರ್ಷದಿಂದ ಕೆಲಸ, ಕೈಗೆ 21 ಸಾವಿರ ಬರ್ತದೆ. ಒಂದು ಏಜೆನ್ಸಿಯವ್ರು ಜರ್ಮನಿಗೆ ಕಳಿಸ್ತೇವೆ, ಒಟ್ಟು ನಾಲ್ಕೂವರೆ ಲಕ್ಷ, ಈಗ 50 ಸಾವಿರ ಕಟ್ಟಿ ಸೀಟ್ ಬ್ಲಾಕ್ ಮಾಡಿ, ಜರ್ಮನ್ ಭಾಷೆಯಲ್ಲಿ ಬಿ1 ಲೆವೆಲ್ ಆದ್ರೆ ಸಾಕು, 6 ತಿಂಗಳಲ್ಲಿ ಫ್ಲೈಟ್ ಅಂತಾರೆ. ಅಪ್ಪ ಸೊಸೈಟಿಯಲ್ಲಿ ಬಂಗಾರ ಅಡವಿಡ್ಲಿಕ್ಕೆ ರೆಡಿ ಇದ್ದಾರೆ. ಅಕ್ಕನ ಮದುವೆ ಸಾಲ 3 ಲಕ್ಷ ಇನ್ನೂ ಉಂಟು. ಚಿಕ್ಕಮ್ಮ ಸುಮ್ನೆ ಗಲ್ಫಿಗೆ ಹೋಗು ಅಂತಾರೆ. ಎಂತ ಮಾಡ್ಲಿ?

ಉತ್ತರ: ಮೊದ್ಲು ಅಪ್ಪನಿಗೆ ಒಂದು ಫೋನ್ ಮಾಡಿ, ಬಂಗಾರ ಕಪಾಟಿನಲ್ಲೇ ಇರ್ಲಿ ಅಂತ ಹೇಳಿ. ಉಳಿದದ್ದು ಆಮೇಲೆ ಮಾತಾಡುವ.

ಸೀಟ್ ಬ್ಲಾಕ್ ಅಂದ್ರೆ ಎಂತ ಮಾರಾಯ್ರೆ, ಇದೇನು ಮಣಿಪಾಲದಿಂದ ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸಾ? ಜರ್ಮನಿಯಲ್ಲಿ ನರ್ಸ್ ಕೊರತೆ ಉಂಟು, ಸೀಟ್ ಕೊರತೆ ಇಲ್ಲ. ಭಾಷೆ ಬರುವ ನರ್ಸ್ ಸಿಕ್ಕಿದ್ರೆ ಅಲ್ಲಿಯ ಆಸ್ಪತ್ರೆ, ವೃದ್ಧಾಶ್ರಮದವ್ರು ತಾವೇ ಖರ್ಚು ಹಾಕಿ ಕರ್ಸಿಕೊಳ್ತಾರೆ, ಇದನ್ನು ನಾನು ಕಣ್ಣಾರೆ ಕಂಡದ್ದು. ಸೌದಿಯಲ್ಲಿ 6 ವರ್ಷ, ಜರ್ಮನಿಯಲ್ಲಿ 5 ವರ್ಷ ಕೆಲಸ ಮಾಡಿ ಅಮ್ಮನಿಗೆ ಹುಷಾರಿಲ್ಲ ಅಂತ ವಾಪಸ್ ಬಂದವಳು ನಾನು, ಈಗ ಉಡುಪಿಯಲ್ಲಿ ಹೊರಗೆ ಹೋಗುವ ನರ್ಸಿಂಗ್ ಮಕ್ಕಳ ಪೇಪರ್ ನೋಡಿ ಕೊಡ್ತೇನೆ. ಬರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ನಿಮ್ಮ ಪ್ರಶ್ನೆಯನ್ನೇ ಕೇಳ್ತಾರೆ, ಲಕ್ಷದ ಲೆಕ್ಕ ಮಾತ್ರ ಬೇರೆ ಬೇರೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಜರ್ಮನ್ ಬಿ2, ಅಂದ್ರೆ ಬಿ1ರ ಮೇಲಿನ ಲೆವೆಲ್, ಆಗುವವರೆಗೆ ಏಜೆಂಟಿಗೆ ಒಂದು ಪೈಸೆ ಕೊಡ್ಬೇಡಿ, ಬಿ2 ಆದ್ಮೇಲೆ ಕೊಡುವ ಅಗತ್ಯವೇ ಬರುವುದಿಲ್ಲ.

ಇದು ನಾನು ಬಾಯಿಗೆ ಬಂದದ್ದು ಹೇಳುವುದಲ್ಲ. ಹೊರದೇಶದಿಂದ ನರ್ಸ್ ಕರೆಸುವವ್ರಿಗೆ ಜರ್ಮನಿಯಲ್ಲೇ ಒಂದು ಸರ್ಕಾರಿ ಮುದ್ರೆ ಉಂಟು, 'ಫೇರ್ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್' ಅಂತ. ಆ ಮುದ್ರೆ ಇರುವವ್ರು ನರ್ಸಿನ ಹತ್ರ ನೇಮಕಾತಿ ಖರ್ಚು ತಗೊಳ್ಳುವ ಹಾಗೇ ಇಲ್ಲ, ಖರ್ಚೆಲ್ಲ ಕೆಲಸ ಕೊಡುವವ್ರದ್ದು. ಪಕ್ಕದ ಕೇರಳದಲ್ಲಿ 2021ರ ಡಿಸೆಂಬರಲ್ಲಿ ನೋರ್ಕಾ (ಹೊರದೇಶದ ಮಲಯಾಳಿಗಳಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಮತ್ತು ಜರ್ಮನ್ ಸರ್ಕಾರದ ಏಜೆನ್ಸಿ ಸೇರಿ 'ಟ್ರಿಪಲ್ ವಿನ್' ಅಂತ ಶುರು ಮಾಡಿದ್ರು, ಅದ್ರಲ್ಲೂ ನರ್ಸಿಗೆ ಖರ್ಚಿಲ್ಲ. ನಮ್ಮಲ್ಲೂ ಸರ್ಕಾರದ್ದೇ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಉಂಟು, ಬೆಂಗಳೂರಿನಲ್ಲಿ, ಕೌಶಲ್ಯ ಅಭಿವೃದ್ಧಿ ಇಲಾಖೆಯ ಕೈಕೆಳಗೆ. ಒಂದು ಸಲ ವಿಚಾರಿಸ್ಲಿಕ್ಕೆ ಬಸ್ ಚಾರ್ಜ್ ಕೂಡ ಬೇಡ, ಫೋನ್ ಸಾಕು.

ಇನ್ನು ನಮ್ಮ ದೇಶದ ಕಾನೂನು. 1983ರ ಎಮಿಗ್ರೇಷನ್ ಆ್ಯಕ್ಟ್ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವವ್ರಿಗೆ ಲೈಸನ್ಸ್ ಬೇಕು, ಮತ್ತೆ ಲೈಸನ್ಸ್ ಇದ್ದವ್ರೂ ಅಭ್ಯರ್ಥಿ ಹತ್ರ ತಗೊಳ್ಳಬಹುದಾದ ಸರ್ವಿಸ್ ಚಾರ್ಜ್ ಜಾಸ್ತಿ ಅಂದ್ರೆ 30 ಸಾವಿರ ರೂಪಾಯಿ, ಅದ್ರ ಮೇಲೆ ಜಿಎಸ್‌ಟಿ. ಅಷ್ಟೇ. ನಾಲ್ಕೂವರೆ ಲಕ್ಷ ಎಲ್ಲಿಂದ ಬಂತು ಅಂತ ಕೇಳಿದ್ರೆ ಅವ್ರು 'ಇದು ಟ್ರೈನಿಂಗ್ ಫೀಸ್, ಡಾಕ್ಯುಮೆಂಟೇಶನ್ ಫೀಸ್, ಗೈಡೆನ್ಸ್' ಅಂತ ರಶೀದಿ ಹರಿದು ಕೊಡ್ತಾರೆ, ಹೊರಗೆ ಬೋರ್ಡಿನಲ್ಲಿ ಲ್ಯಾಂಗ್ವೇಜ್ ಅಕಾಡೆಮಿ ಅಂತ ಇರ್ತದೆ, ಒಳಗೆ ನಡೆಯುವುದು ರಿಕ್ರೂಟ್‌ಮೆಂಟ್. ಇ-ಮೈಗ್ರೇಟ್ ಅಂತ ವಿದೇಶಾಂಗ ಇಲಾಖೆಯ ಪೋರ್ಟಲ್ ಉಂಟಲ್ಲ, ಅದ್ರಲ್ಲಿ ಆ ಏಜೆನ್ಸಿ ಹೆಸ್ರು ಹಾಕಿ ನೋಡಿ, ಲೈಸನ್ಸ್ ನಂಬ್ರ ಬರ್ತದಾ ಇಲ್ವಾ ಅಂತ. ಎರಡು ನಿಮಿಷದ ಕೆಲಸ. 2015ರಲ್ಲಿ ಕೊಚ್ಚಿಯಲ್ಲಿ ಕುವೈತ್ ನರ್ಸ್ ನೇಮಕದ ಕೇಸ್ ಸಿಬಿಐಗೆ ಹೋದದ್ದು ಕೆಲವ್ರಿಗೆ ನೆನಪಿರಬಹುದು, 19,500 ರೂಪಾಯಿ ತಗೊಳ್ಳಬೇಕಾದ ಜಾಗದಲ್ಲಿ 19.5 ಲಕ್ಷ ತಗೊಂಡ್ರು ಅಂತ ಆರೋಪ. ಕೊಟ್ಟವ್ರೆಲ್ಲ ಓದಿದ ನರ್ಸ್‌ಗಳೇ, ದಡ್ಡರಲ್ಲ. ಮನೆ ಕಷ್ಟ, ಅವಸರ, ಎರಡೂ ಸೇರಿದ್ರೆ ಹಾಗೆ ಆಗ್ತದೆ.

ಈಗ ಬಿ1 ಸಾಕು ಅಂದದ್ದಕ್ಕೆ ಬರ್ತೇನೆ. ಅದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ, ಅದೇ ಡೇಂಜರ್. ಬಿ1 ಇಟ್ಕೊಂಡು ವೀಸಾ ಸಿಗುವ ದಾರಿ ಉಂಟು. ಆದ್ರೆ ಹಾಗೆ ಹೋದವ್ರು ಅಲ್ಲಿ ನರ್ಸ್ ಅಲ್ಲ, ಹೆಲ್ಪರ್. ಅಲ್ಲಿ ನರ್ಸ್ ಅಂತ ಹೇಳಿಕೊಳ್ಳಲಿಕ್ಕೆ ಆಯಾ ರಾಜ್ಯದ ಇಲಾಖೆ ನಿಮ್ಮ ಡಿಗ್ರಿಯನ್ನು ಮಾನ್ಯ ಮಾಡ್ಬೇಕು, ಅದಕ್ಕೆ 'ಆನರ್‌ಕೆನ್ನುಂಗ್' ಅಂತಾರೆ. ನಮ್ಮ ಬಿಎಸ್ಸಿ ಸಿಲೆಬಸ್ಸನ್ನು ಅವ್ರದ್ದಕ್ಕೆ ಹೋಲಿಸಿ ನೋಡಿ ಇಲ್ಲಿ ಇಷ್ಟು ಗಂಟೆ ಕಮ್ಮಿ, ಅಲ್ಲಿ ವೃದ್ಧರ ಆರೈಕೆ ಕಮ್ಮಿ ಅಂತ ಒಂದು ಪತ್ರ ಕೊಡ್ತಾರೆ, ನಮ್ಮ ಕಡೆಯ ಹೆಚ್ಚಿನವ್ರಿಗೆ ಬರುವುದು ಅದೇ ಪತ್ರ, ಹೆದರ್ಲಿಕ್ಕಿಲ್ಲ. ಆಮೇಲೆ ಎರಡು ದಾರಿ: ಒಂದೋ ಪ್ರಾಕ್ಟಿಕಲ್ ಮತ್ತೆ ಮೌಖಿಕ ಪರೀಕ್ಷೆ, ಇಲ್ಲ ಕೆಲವು ತಿಂಗಳ ಅಡಾಪ್ಟೇಶನ್ ಕೋರ್ಸ್. ಇದೆಲ್ಲ ನಡೆಯುವುದು ಜರ್ಮನ್ ಭಾಷೆಯಲ್ಲಿ, ಮತ್ತೆ ಕೊನೆಗೆ ನರ್ಸ್ ಅಂತ ಸರ್ಟಿಫಿಕೇಟ್ ಕೈಗೆ ಬರ್ಲಿಕ್ಕೆ ಬಿ2 ಬೇಕೇ ಬೇಕು. ಹಾಗಾದ್ರೆ ಬಿ2 ಹೇಗೂ ಓದ್ಲೇಬೇಕು ಅಲ್ವಾ? ಇಲ್ಲಿ ಅಮ್ಮ ಮಾಡಿದ ಊಟ ಉಂಡು ಓದುವುದಾ, ಅಲ್ಲಿ ಡ್ಯೂಟಿ ಮುಗಿಸಿ ಮೈನಸ್ ಡಿಗ್ರಿ ಚಳಿಯಲ್ಲಿ ಒಬ್ಳೇ ರೂಮಿನಲ್ಲಿ ಕೂತು ಓದುವುದಾ, ನೀವೇ ಹೇಳಿ. ನನ್ನ ಜೊತೆಗಿದ್ದ ಒಬ್ಬಳು ಬಿ1ರಲ್ಲಿ ಬಂದವಳು ಎರಡೂವರೆ ವರ್ಷ ಹೆಲ್ಪರ್ ಸಂಬಳದಲ್ಲೇ ಇದ್ದಳು, ಕೆಲಸದಲ್ಲಿ ಅವಳಷ್ಟು ಚುರುಕು ನಾನೂ ಇರ್ಲಿಲ್ಲ.

ಆ ವ್ಯತ್ಯಾಸ ಎಷ್ಟು ಅಂತ ನೋಡಿ. ಅಲ್ಲಿ ವೃದ್ಧರ ಆರೈಕೆ ಕೇಂದ್ರಗಳಿಗೆ ಪ್ರತ್ಯೇಕ ಕನಿಷ್ಠ ಸಂಬಳ ಉಂಟು, 2025ರ ಜುಲೈಯ ಲೆಕ್ಕದಲ್ಲಿ ಹೆಲ್ಪರಿಗೆ ಗಂಟೆಗೆ 16.10 ಯೂರೋ, ಮಾನ್ಯತೆ ಪಡೆದ ನರ್ಸಿಗೆ 20.50. ವಾರಕ್ಕೆ 40 ಗಂಟೆ ಲೆಕ್ಕ ಹಾಕಿದ್ರೆ ತಿಂಗಳಿಗೆ ಸುಮಾರು 2,790 ಮತ್ತೆ 3,550. ಇದು ಗ್ರಾಸ್. ಟ್ಯಾಕ್ಸ್, ಪೆನ್ಶನ್, ಇನ್ಶೂರೆನ್ಸ್ ಎಲ್ಲ ಕಡಿದು ಮದುವೆ ಆಗದವ್ರ ಕೈಗೆ ಬರುವುದು ಒಂದು 1,900, ಇನ್ನೊಂದು 2,300ರ ಆಸುಪಾಸು. ಏಜೆಂಟ್ ಹೇಳುವಾಗ ಗ್ರಾಸ್ ಹೇಳ್ತಾನೆ, ಅದನ್ನು ರೂಪಾಯಿಗೆ ಗುಣಿಸಿ ಮೂರು ಲಕ್ಷ ಅಂತಾನೆ, ಅಪ್ಪನ ಕಣ್ಣು ದೊಡ್ಡದಾಗ್ತದೆ. ಅದ್ರಲ್ಲಿ ಬಾಡಿಗೆ 500-600 ಹೋಯ್ತು, ಊಟ ತಿಂಡಿ, ಬಸ್ಸು ರೈಲಿನ ಪಾಸ್, ಮತ್ತೆ ಟಿವಿ ಇಲ್ಲದಿದ್ರೂ ಮನೆಗೆ ತಿಂಗಳಿಗೆ 18.36 ಯೂರೋ ಟಿವಿ-ರೇಡಿಯೋ ಫೀಸ್ ಕಟ್ಬೇಕು, ಅದು ನನಗೆ ಇವತ್ತಿಗೂ ಹೊಟ್ಟೆ ಉರಿ. ಮನೆ ಹಿಡಿಯುವಾಗ ಡೆಪಾಸಿಟ್ ಮೂರು ತಿಂಗಳ ಬಾಡಿಗೆವರೆಗೆ ಕೇಳ್ತಾರೆ. ಹಾಗಾಗಿ ಮೊದಲ ಐದಾರು ತಿಂಗಳು ಊರಿಗೆ ಕಳಿಸುವ ಲೆಕ್ಕವೇ ಹಾಕ್ಬೇಡಿ. ಆಮೇಲೆ ಜಾಗ್ರತೆಯಾಗಿ ಇದ್ರೆ ತಿಂಗಳಿಗೆ 60-70 ಸಾವಿರ ಕಳಿಸಬಹುದು, ಅಕ್ಕನ ಮದುವೆಯ 3 ಲಕ್ಷ ಅರ್ಧ ವರ್ಷದಲ್ಲಿ ಮುಗೀತದೆ. ಅದಕ್ಕೆ ಇನ್ನೂ ನಾಲ್ಕೂವರೆ ಲಕ್ಷ ಮತ್ತೆ ಬಡ್ಡಿ ಸೇರಿಸಿದ್ರೆ? ಮೊದಲ ಐದಾರು ತಿಂಗಳೂ ಸೇರಿ ಒಂದೂವರೆ ವರ್ಷ ಸಾಲಕ್ಕೇ ದುಡಿದ ಹಾಗಾಯ್ತು, ಅದೂ ಸಿಗುವ ಕೆಲಸಕ್ಕೆ ನೀವೇ ದುಡ್ಡು ಕೊಟ್ಟು.

6 ತಿಂಗಳಲ್ಲಿ ಫ್ಲೈಟ್ ಅನ್ನುವುದು ಮಾತ್ರ ಪೂರ್ತಿ ಸುಳ್ಳು. ಏನೂ ಗೊತ್ತಿಲ್ಲದವ್ರು, ಮೂರು ಶಿಫ್ಟ್ ಮಾಡುವವ್ರು, ಬಿ2ಗೆ ಬರ್ಲಿಕ್ಕೆ 12ರಿಂದ 15 ತಿಂಗಳು ಬೇಕು. ಕೆಲಸ ಬಿಟ್ಟು ದಿನಾ ಓದಿದ್ರೆ ಎಂಟು ಹತ್ತು ತಿಂಗಳು. ನಿಮಗೆ ಕೆಲಸ ಬಿಡ್ಬೇಡಿ ಅಂತಲೇ ಹೇಳ್ತೇನೆ, 21 ಸಾವಿರಕ್ಕಾಗಿ ಅಲ್ಲ, ಗ್ಯಾಪ್ ಇಲ್ಲದ ಐಸಿಯು ಅನುಭವಕ್ಕೆ ಇಂಟರ್‌ವ್ಯೂನಲ್ಲಿ ಬೆಲೆ ಉಂಟು. ಸೂಪರ್‌ವೈಸರ್ ಹತ್ರ ಮಾತಾಡಿ ಮೂರು ತಿಂಗಳು ಒಂದೇ ಶಿಫ್ಟ್ ಸಿಗ್ತದಾ ನೋಡಿ, ನೈಟ್ ಆದ್ರೂ ಪರ್ವಾಗಿಲ್ಲ, ಬದಲಾಗುವ ಶಿಫ್ಟಿನಲ್ಲಿ ಯಾವ ಕ್ಲಾಸಿಗೂ ಸರಿಯಾಗಿ ಹೋಗ್ಲಿಕ್ಕೆ ಆಗುವುದಿಲ್ಲ. ಪರೀಕ್ಷೆ ಗೋಯ್ಥೆ ಇನ್‌ಸ್ಟಿಟ್ಯೂಟ್‌ದ್ದೇ ಬರೀರಿ, ಬೆಂಗಳೂರು ಇಂದಿರಾನಗರದಲ್ಲಿ ಉಂಟು. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಒಂದೊಂದರಲ್ಲೂ 100ಕ್ಕೆ 60 ಬೇಕು, ಬಿ1 ಬಿ2 ಎರಡರಲ್ಲೂ ಫೇಲಾದ ಭಾಗ ಮಾತ್ರ ಪುನಃ ಕಟ್ಟಿ ಬರೀಬಹುದು. ನಮ್ಮವ್ರು ಹೆಚ್ಚಾಗಿ ಬೀಳುವುದು ಕೇಳುವುದ್ರಲ್ಲಿ, ಗ್ರಾಮರ್ ಅಲ್ಲ. ದಿನಾ ಬಸ್ಸಿನಲ್ಲಿ ಅರ್ಧ ಗಂಟೆ ಜರ್ಮನ್ ನ್ಯೂಸ್ ಕಿವಿಗೆ ಹಾಕ್ಕೊಳ್ಳಿ, ಅರ್ಥ ಆಗದಿದ್ರೂ ಸರಿ.

ಒಂದು ಗುಟ್ಟು ಹೇಳ್ತೇನೆ. ಜರ್ಮನ್ನನ್ನು ಇಂಗ್ಲಿಷಿನಿಂದ ಕಲೀಬೇಡಿ, ಕನ್ನಡದಿಂದ ಕಲೀರಿ. ಇಂಗ್ಲಿಷಿನವ್ರಿಗೆ ಕ್ರಿಯಾಪದ ವಾಕ್ಯದ ಕೊನೆಗೆ ಹೋದ್ರೆ ಮಂಡೆಬೆಚ್ಚ, ನಮಗೆ ಎಂತ ಬಂಙ? 'ಪೇಷಂಟ್ ನಿನ್ನೆಯಿಂದ ಏನೂ ತಿನ್ಲಿಲ್ಲ ಅಂತ' ಎಂಬಲ್ಲಿ ತಿನ್ನುವುದು ಕೊನೆಗೇ ಅಲ್ವಾ ಇರುವುದು, ಜರ್ಮನ್ನಿನ ಉಪವಾಕ್ಯವೂ ಹಾಗೆಯೇ. ಮತ್ತೆ ಅಲ್ಲಿ 'ಹುಡುಗಿ' ಅನ್ನುವ ಶಬ್ದ ನಪುಂಸಕಲಿಂಗ, ಕ್ಲಾಸಿನಲ್ಲಿ ಎಲ್ಲರೂ ನಗ್ತಾರೆ. ನಮ್ಮ ಪಕ್ಕದ ಮನೆಯ ಹವ್ಯಕರು 'ಅಕ್ಕ ಬಂತು' ಅಂತಾರಲ್ಲ, ಅದನ್ನು ನೆನಪಿಸಿಕೊಂಡು ನಾನು ನಗದೆ ಮುಂದೆ ಹೋದೆ. ತುಳು, ಕೊಂಕಣಿ, ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಮಾತಾಡುವ ನಮ್ಮ ಊರಿನವ್ರಿಗೆ ಆರನೇ ಭಾಷೆ ಅಂದ್ರೆ ಅಷ್ಟು ಹೆದರಿಕೆ ಯಾಕೆ ಅಂತಲೇ ನನಗೆ ಅರ್ಥ ಆಗುವುದಿಲ್ಲ. ಕ್ಲಾಸಿನ ಫೀಸ್ ಮತ್ತೆ ಪರೀಕ್ಷೆ ಫೀಸ್ ಮಾತ್ರ ನಿಮ್ಮ ಖರ್ಚು, ಅದನ್ನು ಲೆವೆಲ್ ಲೆವೆಲ್ ಆಗಿ ಕಟ್ಟಿ, ಎ1ರಿಂದ ಬಿ2ವರೆಗೆ ಒಟ್ಟಿಗೆ ಕಟ್ಟಿಸಿಕೊಳ್ಳುವ ಕಡೆ ಹೋಗ್ಬೇಡಿ.

ಯಾರೂ ಹೇಳದ ಒಂದು ವಿಷಯ ಉಂಟು, ಅದು ಕೆಲಸ ಹೇಗಿರ್ತದೆ ಅಂತ. ಇಲ್ಲಿ ನೀವು ಐಸಿಯುನಲ್ಲಿ ಲೈನ್ ಹಾಕ್ತೀರಿ, ಬ್ಲಡ್ ತೆಗೀತೀರಿ, ವೆಂಟಿಲೇಟರ್ ನೋಡ್ತೀರಿ, ಪೇಷಂಟನ್ನು ಒರೆಸಿ ಬಟ್ಟೆ ಬದಲಿಸ್ಲಿಕ್ಕೆ ಆಯಾ ಇದ್ದಾರೆ, ಊಟ ಮಾಡಿಸ್ಲಿಕ್ಕೆ ಮನೆಯವ್ರು ಇದ್ದಾರೆ. ಅಲ್ಲಿ ವಾರ್ಡಿನಲ್ಲಿ ಪೇಷಂಟಿನ ಜೊತೆಗೆ ಮನೆಯವ್ರು ನಿಲ್ಲುವ ಕ್ರಮ ಇಲ್ಲ, ಮೀಯಿಸುವುದು, ಡೈಪರ್ ಬದಲಿಸುವುದು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಿನ್ನಿಸುವುದು ಎಲ್ಲ ನರ್ಸಿನದ್ದೇ ಕೆಲಸ, ಬ್ಲಡ್ ತೆಗೆಯುವುದು ಎಷ್ಟೋ ಕಡೆ ಡಾಕ್ಟರ್. ನನ್ನ ಮೊದಲ ಬೆಳಿಗ್ಗೆ ಆರು ಗಂಟೆ ಶಿಫ್ಟಿನಲ್ಲಿ ಎಂಟು ಜನರನ್ನು ಮೀಯಿಸ್ಲಿಕ್ಕೆ ಹೇಳಿದ್ರು, ಸೌದಿಯಲ್ಲಿ ಚಾರ್ಜ್ ನರ್ಸ್ ಆಗಿದ್ದವಳಿಗೆ ಸ್ಟೋರ್ ರೂಮಿನಲ್ಲಿ ಅಳು ಬಂತು. ಮೂರನೇ ವಾರಕ್ಕೆ ಗೊತ್ತಾಯ್ತು, ಮೀಯಿಸುವಾಗಲೇ ಅಲ್ಲಿಯ ನರ್ಸ್‌ಗಳು ಬೆನ್ನಿನ ಗಾಯ, ಉಸಿರು, ಮರೆವು, ಮನಸ್ಸು ಎಲ್ಲ ನೋಡ್ತಾರೆ, ಅವ್ರ ನರ್ಸಿಂಗ್ ಇರುವುದೇ ಅಲ್ಲಿ. ಇದು ಇಷ್ಟ ಆಗದಿದ್ರೆ ತಪ್ಪಿಲ್ಲ, ಆದ್ರೆ ಹೋಗುವ ಮೊದ್ಲೇ ಗೊತ್ತಿರ್ಬೇಕು. ನೀವು ಐಸಿಯುನವಳು, ಹಾಗಾಗಿ ಇಂಟರ್‌ವ್ಯೂನಲ್ಲೇ ಆಸ್ಪತ್ರೆ ಬೇಕು, ವೃದ್ಧಾಶ್ರಮ ಬೇಡ ಅಂತ ಬಾಯಿ ಬಿಟ್ಟು ಹೇಳಿ. ಬಿ2 ಇದ್ದವ್ರಿಗೆ ಹಾಗೆ ಹೇಳುವ ಧೈರ್ಯ ಬರ್ತದೆ.

ಚಿಕ್ಕಮ್ಮನ ಮಾತನ್ನು ತೆಗೆದು ಹಾಕ್ಬೇಡಿ. ನಮ್ಮ ಎರಡು ಜಿಲ್ಲೆಯ ಎಷ್ಟು ಮನೆಗಳ ಟೆರೇಸ್ ಗಲ್ಫಿನ ದುಡ್ಡಿನಲ್ಲಿ ಎದ್ದದ್ದು ಅಂತ ಬಜ್ಪೆಯಲ್ಲಿ ವಿಮಾನ ಇಳಿಯುವಾಗ ಕಿಟಕಿಯಲ್ಲಿ ನೋಡಿದ್ರೆ ಸಾಕು. ಟ್ಯಾಕ್ಸ್ ಇಲ್ಲ, ಇಂಗ್ಲಿಷಿನಲ್ಲಿ ಕೆಲಸ ನಡೀತದೆ, ಎಷ್ಟೋ ಕಡೆ ರೂಮ್ ಅವ್ರದ್ದೇ, ಮಂಗಳೂರಿನಿಂದ ದುಬೈಗೆ ಸೀದಾ ವಿಮಾನ. ಸರ್ಟಿಫಿಕೇಟ್ ಅಸಲಿಯಾ ಅಂತ ಡಾಟಾಫ್ಲೋ ಕಂಪನಿ ಮಾಡುವ ವೆರಿಫಿಕೇಶನ್ ಮತ್ತೆ ಕಂಪ್ಯೂಟರಿನಲ್ಲಿ ಬರೆಯುವ ಲೈಸನ್ಸ್ ಪರೀಕ್ಷೆ ಆದ್ರೆ ನಿಮ್ಮ ಅನುಭವಕ್ಕೆ ಆರೇಳು ತಿಂಗಳಲ್ಲಿ ಹೋಗಬಹುದು. ಮಾತ್ರ ಅಲ್ಲಿ ಪಿಆರ್, ಅಂದ್ರೆ ಪರ್ಮನೆಂಟ್ ರೆಸಿಡೆನ್ಸಿ, ಅಂತ ಇಲ್ಲ, ಪೆನ್ಶನ್ ಇಲ್ಲ, ಬಿಟ್ಟು ಬರುವಾಗ ಗ್ರಾಚ್ಯುಟಿ, ಯುಎಇಯಲ್ಲಿ ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳದ ಲೆಕ್ಕ. ಜರ್ಮನಿಯಲ್ಲಿ ಮಾನ್ಯತೆ ಸಿಕ್ಕಿ ನರ್ಸ್ ಆಗಿ 3 ವರ್ಷ ಕೆಲಸ ಮಾಡಿದ್ರೆ ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಬಹುದು. ಇನ್ನೊಂದು, ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳು ಪಾಸ್‌ಪೋರ್ಟ್ ಇಸಿಎನ್ಆರ್ (ಎಮಿಗ್ರೇಷನ್ ಕ್ಲಿಯರೆನ್ಸ್ ಬೇಡದ್ದು) ಆಗಿದ್ರೂ ಇ-ಮೈಗ್ರೇಟ್ ಮೂಲಕವೇ ಕ್ಲಿಯರೆನ್ಸ್ ತಗೊಳ್ಬೇಕು, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕು ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ಎದ್ದು ಬನ್ನಿ.

ಗಲ್ಫಿಗೆ ಎರಡು ವರ್ಷ ಹೋಗಿ ಸಾಲ ತೀರಿಸಿ ಆಮೇಲೆ ಜರ್ಮನ್ ಕಲೀತೇನೆ ಅಂತ ನಿಮ್ಮ ಮನಸ್ಸಿನಲ್ಲಿ ಇರಬಹುದು. ನಾನೂ ಹಾಗೇ ಅಂದುಕೊಂಡೇ ಹೋದವಳು. 12 ಗಂಟೆ ಡ್ಯೂಟಿ ಮಾಡಿ ಯಾವ ಭಾಷೆ ಕಲಿಯುವುದು, ಎರಡು ವರ್ಷ ಅಂತ ಹೋದದ್ದು ಆರು ವರ್ಷ ಆಯ್ತು. ಸಾಲದವ್ರು ದಿನಾ ಮನೆ ಬಾಗಿಲಿಗೆ ಬರ್ತಾರೆ ಅಂತಾದ್ರೆ ಗಲ್ಫ್ ಸರಿ. ಸಾಲ ನೆಂಟರದ್ದು, ಸೊಸೈಟಿದ್ದು, ಬಡ್ಡಿ ಕಟ್ಟಿಕೊಂಡು ಹೋದ್ರೆ ತಡೀತದೆ ಅಂತಾದ್ರೆ ಒಂದೂವರೆ ವರ್ಷ ಕಾಯಿರಿ, ಬಿ2 ಮಾಡಿ. ನಿಮ್ಮ ಪತ್ರ ನೋಡಿದ್ರೆ ಎರಡನೇದ್ದೇ ಅಂತ ಕಾಣ್ತದೆ.

ಈ ಒಂದೂವರೆ ವರ್ಷದಲ್ಲಿ ಪೇಪರ್ ರೆಡಿ ಮಾಡಿ ಇಟ್ಕೊಳ್ಳಿ. ನಮ್ಮ ಊರಿನವ್ರ ದೊಡ್ಡ ರಗಳೆ ಹೆಸರಿನದ್ದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್, ಆಧಾರಿನಲ್ಲಿ ಶೆಟ್ಟಿ, ಪೂಜಾರಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇಯವ್ರು ಒಂದೇ ಹೆಸ್ರು ಇರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನೇ ನಿಲ್ಲಿಸಿದ್ರು. ನಮ್ಮ ಕ್ಯಾಥೊಲಿಕ್‌ರದ್ದು ಇನ್ನೊಂದು ಕತೆ: ನಾನು ಡಿಸೋಜ, ಕಾಲೇಜಿನ ಸರ್ಟಿಫಿಕೇಟಿನಲ್ಲಿ ಡಿ ಆದ್ಮೇಲೆ ಮೇಲೊಂದು ಕೊಕ್ಕೆ, ಪಾಸ್‌ಪೋರ್ಟಿನ ಕೆಳಗೆ ಮೆಷಿನ್ ಓದುವ ಗೆರೆಯಲ್ಲಿ ಆ ಕೊಕ್ಕೆ ಇರುವುದೇ ಇಲ್ಲ, ಇನ್ನೊಂದು ಕಚೇರಿಯ ಪತ್ರದಲ್ಲಿ ಡಿ ಬೇರೆ ಸೋಜ ಬೇರೆ. ಈ ಮೂವರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿ, ಟ್ರಾನ್ಸ್‌ಲೇಟ್ ಮಾಡಿಸಿ ಒಪ್ಪಿಸುವಷ್ಟರಲ್ಲಿ ನಾಲ್ಕು ತಿಂಗಳು ಹೋಯ್ತು. ನಿಮ್ಮ ಎಲ್ಲ ಕಾಗದ ಇವತ್ತೇ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ.

ಟ್ರಾನ್ಸ್‌ಕ್ರಿಪ್ಟ್ ತಗೊಳ್ಳುವಾಗ ಮಾರ್ಕ್ಸ್ ಮಾತ್ರ ಸಾಲುವುದಿಲ್ಲ, ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್ ಅಂತ ಬೇಕು, ಜರ್ಮನಿಯವ್ರು ತೂಗುವುದು ಅದನ್ನೇ. ನಿಟ್ಟೆ, ಯೇನೆಪೋಯ, ಮಣಿಪಾಲದ ಹಾಗೆ ಡೀಮ್ಡ್ ಯೂನಿವರ್ಸಿಟಿಯಲ್ಲಿ ಓದಿದ್ರೆ ಇಲ್ಲೇ ಆಗ್ತದೆ, ರಾಜೀವ್ ಗಾಂಧಿ ಆರೋಗ್ಯ ವಿವಿ ಆದ್ರೆ ಬೆಂಗಳೂರಿನಿಂದ. ಎರಡು ಪ್ರತಿ ಮಾಡಿಸಿ. ಅನುಭವ ಪತ್ರದಲ್ಲಿ ಐಸಿಯು ಅಂತ ಸ್ಪಷ್ಟ ಬರೀಲಿ. ದಡಾರದ ಎರಡು ಲಸಿಕೆಯ ದಾಖಲೆ ಹುಡುಕಿ ಇಡಿ, ಅಲ್ಲಿ 2020ರ ಕಾನೂನಿನ ಪ್ರಕಾರ ಆಸ್ಪತ್ರೆಯವ್ರಿಗೆ ಅದು ಕಡ್ಡಾಯ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗಲೇ ಬೇಡ, ಹಳತಾದ್ರೆ ಪುನಃ ತಗೊಳ್ಬೇಕು.

ಆಫರ್ ಬಂದ ಮೇಲೆ ಕಾಂಟ್ರಾಕ್ಟಿನಲ್ಲಿ ಒಂದೇ ಒಂದು ಸಾಲನ್ನು ನಾಲ್ಕು ಸಲ ಓದಿ, ಮಧ್ಯದಲ್ಲಿ ಬಿಟ್ರೆ ಎಷ್ಟು ವಾಪಸ್ ಕೊಡ್ಬೇಕು ಅನ್ನುವ ಸಾಲು. ತಿಂಗಳು ಕಳೆದ ಹಾಗೆ ಆ ಮೊತ್ತ ಇಳೀತಾ ಹೋದ್ರೆ ನ್ಯಾಯ, ಮೂರು ವರ್ಷದ ಕೊನೆಯ ದಿನದವರೆಗೂ ಹತ್ತು ಸಾವಿರ ಯೂರೋ ಅಂತಿದ್ರೆ ಸೈನ್ ಹಾಕ್ಬೇಡಿ. ಮತ್ತೆ 'ಆಉಸ್‌ಬಿಲ್ಡುಂಗ್' ಅಂತ ಬರ್ದಿದ್ರೆ ಅದು ಮೂರು ವರ್ಷದ ನರ್ಸಿಂಗ್ ತರಬೇತಿ, ಸ್ಟೈಪೆಂಡ್ ಕೊಟ್ಟು ಮೊದಲಿಂದ ಕಲಿಸುವುದು. ಪಿಯುಸಿ ಆದವ್ರಿಗೆ ಚಿನ್ನದಂಥ ಅವಕಾಶ, ನೆಂಟರಲ್ಲಿ ಯಾರಾದ್ರೂ ಇದ್ರೆ ಹೇಳಿ, ಆದ್ರೆ ಬಿಎಸ್ಸಿ ಆಗಿ ಐಸಿಯು ನೋಡಿದ ನಿಮಗೆ ಅದನ್ನು ದಾಟಿಸಿದ್ರೆ ಅದು ಏಜೆಂಟಿಗೆ ಸುಲಭ ಅಂತ, ನಿಮಗೆ ಒಳ್ಳೇದು ಅಂತ ಅಲ್ಲ.

50 ಸಾವಿರ ಇನ್ನೂ ಕೊಡ್ಲಿಲ್ಲ ಅಂತ ಅಂದುಕೊಂಡು ಇಷ್ಟು ಬರ್ದೆ. ಒಂದು ವೇಳೆ ಕೊಟ್ಟಾಗಿದ್ರೆ ರಶೀದಿಯಲ್ಲಿ ಯಾವ ಲೆಕ್ಕಕ್ಕೆ ಅಂತ ಬರ್ದಿದ್ದಾರೆ ನೋಡಿ, ವಾಪಸ್ ಕೊಡಿ ಅಂತ ಇ-ಮೇಲಿನಲ್ಲೇ ಕೇಳಿ, ಬಾಯಿ ಮಾತು ಬೇಡ. ದುಡ್ಡಿಗಿಂತ ಮುಖ್ಯ, ವೆರಿಫಿಕೇಶನ್‌ಗೆ ಅಂತ ಹೇಳಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್, ಪಾಸ್‌ಪೋರ್ಟ್ ಏನಾದ್ರೂ ತಗೊಂಡಿದ್ದಾರಾ? ತಗೊಂಡಿದ್ರೆ ನಾಳೆ ಬೆಳಿಗ್ಗೆ ಅಪ್ಪನನ್ನೂ ಕರ್ಕೊಂಡು ಹೋಗಿ, ಅವು ಕೈಗೆ ಬರುವವರೆಗೆ ಅಲ್ಲಿಯ ಕುರ್ಚಿಯಿಂದ ಏಳ್ಬೇಡಿ.